ಬಿರಡೆಗೆ ಕೈ ಹಾಕಬೇಡಿ

ನನ್ನ ಕಿವಿ ಕೆಟ್ಟಿದ್ದು ನನಗಿಂತ ಮೊದಲು ನನ್ನ ಶಿಷ್ಯರಿಗೆ ಗೊತ್ತಾಯಿತು. ಅವರಿಗಿಂತಲೂ ಮೊದಲು ನಮ್ಮ ಮನೆಯಾಕೆಗೆ. ದೀಪಾವಳಿಯಿಂದ ಯುಗಾದಿಯವರೆಗೆ ಇವರೆಲ್ಲ ಸೇರಿ ಆ ಸುದ್ದಿಯನ್ನು ನನ್ನಿಂದ ಮುಚ್ಚಿಟ್ಟರು. ಮುಚ್ಚಿಟ್ಟ ರೀತಿ ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ.

ನಾನು ಹಾಡುವವನು, ಬಾರಿಸುವವನು, ಕಲಿಸುವವನು. ಏಕತಾರಿ, ಬೆರಳಲ್ಲಿ ಬಡಿಯುವ ದಮ್ಮಡಿ, ತಬಲಾ, ಕೊಳಲು, ಚೌಡಿಕೆ, ಹಾರ್ಮೋನಿಯಂ, ಹೀಗೆ ನಮ್ಮ ಕಡೆಯ ಭಜನೆ ಮೇಳದಲ್ಲಿ ಏನೇನು ಇರುತ್ತದೋ ಅದೆಲ್ಲ ನನ್ನ ಕೈಗೆ ಬರುತ್ತದೆ. ಈಗ ನಾನಿರುವ ಹೈದರಾಬಾದಿನ ಜನ ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಇದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಭೀಮಾ ನದಿ ದಂಡೆಯ ನಮ್ಮ ಹಳ್ಳಿಯ ಮೇಳದಲ್ಲಿ ಒಬ್ಬ ಬಂದರೆ ಇನ್ನೊಬ್ಬ ಬರುತ್ತಿರಲಿಲ್ಲ. ತಬಲಾದವನಿಗೆ ಜ್ವರ ಬಂದರೆ ಆ ಜಾಗಕ್ಕೆ ನಾನು. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅನ್ನುತ್ತಾರೆ. ಪೇಟಿಯವನು ಹೆಂಡತಿಯ ತವರಿಗೆ ಹೋಗಿ ಅಲ್ಲೇ ಠಿಕಾಣಿ ಹೂಡಿದರೆ ಆ ಜಾಗಕ್ಕೂ ನಾನು. ಖಾಲಿ ಜಾಗ ತುಂಬುತ್ತ ತುಂಬುತ್ತ ಎಲ್ಲವೂ ಬಂತು.

ಕಲಿಸಿದವರು ನನ್ನ ಸೋದರಮಾವ. ಅವರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕಲಿಯುವವರು ಬಿರಡೆ ಮುಟ್ಟುವಂತಿರಲಿಲ್ಲ. ಬಿರಡೆಯೆಂದರೆ ಏಕತಾರಿಯ ತಂತಿಯನ್ನು ಬಿಗಿ ಮಾಡುವ, ಸಡಿಲು ಮಾಡುವ ಕಟ್ಟಿಗೆಯ ತಿರುವು. ಮೇಳದ ಹಿರಿಯ ಕೂತು, ತನ್ನ ಗಂಟಲಿನಿಂದ ಒಂದು ಸುರ ಹಿಡಿದು, ಒಂದೊಂದೇ ವಾದ್ಯವನ್ನು ಅದಕ್ಕೆ ಕೂಡಿಸುತ್ತಾನೆ. ಉಳಿದವರು ಆ ಸುರದೊಳಗೆ ಬಂದು ಕೂರುತ್ತಾರೆ. ಸರಿಯಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಮಾವ ಇಟ್ಟ ಸುರ ತಪ್ಪಾಗಬಹುದೆಂಬ ಯೋಚನೆ ನಮ್ಮ ತಲೆಯಲ್ಲಿ ಹಾದುಹೋಗುತ್ತಲೂ ಇರಲಿಲ್ಲ. ಬೇಸುರ ಎನ್ನುವ ಮಾತು ಅವರ ಬಾಯಿಂದ ನಮ್ಮ ಕಡೆಗೆ ಬರುತ್ತಿತ್ತೇ ಹೊರತು ನಮ್ಮಿಂದ ಅವರ ಕಡೆಗೆ ಹೋದದ್ದಿಲ್ಲ. ಒಮ್ಮೆ ಊರ ಜನರೆಲ್ಲ ಕೂತಿರುವಾಗಲೇ ಮಾವ ನನ್ನ ಹಾಡು ನಿಲ್ಲಿಸಿ, ಬೇಸುರ ಆಗಾಕತ್ತೀದಿ, ಎದ್ದು ಹೋಗು ಅಂದರು. ನಾನು ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಆಗ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ತೀರಿಕೊಂಡ ಮೇಲೆ ಆ ಮಾತನ್ನು ನನಗೆ ಹೇಳುವವರು ಯಾರೂ ಉಳಿಯಲಿಲ್ಲ. ಉಳಿಯಲಿಲ್ಲವೆಂಬುದು ನನಗೆ ಬಹಳ ವರ್ಷ ಹೆಮ್ಮೆಯ ಸಂಗತಿಯಾಗಿತ್ತು.

ಹೈದರಾಬಾದಿಗೆ ನಾನು ಹಾಡಲಿಕ್ಕೆ ಬಂದವನಲ್ಲ, ದುಡಿಯಲಿಕ್ಕೆ ಬಂದವನು. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ, ಒದ್ದೆ ಪುಡಿಯನ್ನು ಗರಗರ ತಿರುಗಿಸಿ ಒಣಗಿಸುವ ಯಂತ್ರಗಳ ಪಕ್ಕದಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅನ್ನುತ್ತಿದ್ದರು. ಹತ್ತಿ ಇಟ್ಟುಕೊಂಡರೆ ಬೆವರಿಗೆ ಕೆರೆತ ಬರುತ್ತಿತ್ತು, ತೆಗೆದು ಬಿಸಾಡುತ್ತಿದ್ದೆ. ಅದೇ ಪಾಳಿಯಲ್ಲಿ ರಾಯಚೂರು ಕಡೆಯವನೊಬ್ಬ ಇದ್ದ. ಊಟದ ಬಿಡುವಿನಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಅವನು ಬೆರಳಾಡಿಸಿದ್ದು ಕೇಳಿ, ಇವನು ದಮ್ಮಡಿಯವನು ಎಂದು ನನಗೆ ಗೊತ್ತಾಯಿತು. ಅವತ್ತಿನಿಂದ ದೋಸ್ತಿ. ಅವನು ವಾಸವಿದ್ದ ಗಲ್ಲಿಯಲ್ಲಿ ನಮ್ಮ ಕಡೆಯ ಗೋಡೆ ಕಟ್ಟುವ ಗೌಂಡಿಗಳು, ಹಮಾಲರು, ಕಾರ್ಖಾನೆಯವರು ಎಲ್ಲ ಸೇರಿ ಸೋಮವಾರ ಸಂಜೆ ಭಜನೆಗೆ ಕೂರತೊಡಗಿದೆವು. ಹೊರಗೆ ತೆಲುಗು, ಹಿಂದಿ ಮಾತಾಡಿ ಮಾತಾಡಿ ಒಣಗಿದ ಬಾಯಿಗೆ ವಾರಕ್ಕೊಮ್ಮೆ ಅಲ್ಲಿ ನೀರು ಸಿಗುತ್ತಿತ್ತು.

ಕಾರ್ಖಾನೆ ಬಿಟ್ಟ ಮೇಲೆ ಕೆಲವು ತಿಂಗಳು ನಾನು ಗೋಡೆಗೆ ಮುಖ ಮಾಡಿ ಮಲಗಿದ್ದುಂಟು. ಮಾಡಲು ಕೆಲಸವಿಲ್ಲ, ಯಾರಿಗೂ ನಾನು ಬೇಕಿಲ್ಲ ಅನ್ನಿಸಿಬಿಟ್ಟಿತ್ತು. ಆಮೇಲೆ ತಾರ್ನಾಕದಲ್ಲಿ ಒಂದು ಮಹಡಿ ಮನೆ ಹಿಡಿದು, ಮುಂದಿನ ಕೋಣೆಯ ಗೋಡೆಗೆ ವಾದ್ಯಗಳನ್ನೆಲ್ಲ ನೇತುಹಾಕಿ ಕ್ಲಾಸು ಶುರು ಮಾಡಿದೆ. ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಐಟಿ ಹುಡುಗ ಹುಡುಗಿಯರು ಬರತೊಡಗಿದರು. ಅವರ ಕನ್ನಡಕ್ಕೆ ನಾನು ನಗುತ್ತಿದ್ದೆ, ನನ್ನ ಕನ್ನಡಕ್ಕೆ ಅವರು ನಗುತ್ತಿದ್ದರು. ಬೇಗಂಪೇಟೆಯ ಆಫೀಸೊಂದರ ವಾರ್ಷಿಕೋತ್ಸವಕ್ಕೆ ನಮ್ಮ ಮೇಳವನ್ನು ಕರೆದಾಗ ಈ ಹುಡುಗರು ತಮ್ಮ ಮೇಲಧಿಕಾರಿಗಳ ಮುಂದೆ ಕಂಬಳಿ ಹೊದ್ದು ಕೂತು ಹಾಡಿದರು. ಅವರ ಹಿಂದೆ ಕೂತು ದಮ್ಮಡಿ ಬಾರಿಸುತ್ತಿದ್ದ ನನ್ನ ಗೆಳೆಯ, ನನ್ನ ಕಡೆ ತಿರುಗಿ ಕಣ್ಣು ಹೊಡೆದದ್ದು ಇನ್ನೂ ಕಣ್ಣ ಮುಂದಿದೆ.

ಈ ಶಿಷ್ಯರಲ್ಲಿ ಒಬ್ಬಳ ಮಾತು ಹೇಳಲೇಬೇಕು. ಯಾದಗಿರಿ ಕಡೆಯವಳು. ಅಪ್ಪ ಅವ್ವ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವರು. ಶಾಲೆಗೆ ಹೋಗುವ ವಯಸ್ಸಿನಲ್ಲಿ ನನ್ನ ಹತ್ತಿರ ಬಂದು, ಈಗ ನಮ್ಮ ಮನೆಯ ಹತ್ತಿರದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ. ನನ್ನ ಬೈಗುಳವನ್ನು ಎಲ್ಲರಿಗಿಂತ ಹೆಚ್ಚು ತಿಂದವಳೂ ಅವಳೇ, ಎಲ್ಲರಿಗಿಂತ ಚೆನ್ನಾಗಿ ಕಲಿತವಳೂ ಅವಳೇ. ಇಷ್ಟು ಕಲಿತ ಮೇಲೂ ಅವಳಿಗೆ ಬಿರಡೆ ಮುಟ್ಟಲು ನಾನು ಬಿಟ್ಟಿರಲಿಲ್ಲ. ಮಾವನ ಕಟ್ಟಳೆ ನನ್ನ ಕ್ಲಾಸಿನಲ್ಲೂ ಹಾಗೇ ನಡೆದಿತ್ತು. ಮಕ್ಕಳು ಕೂತ ಮೇಲೆ ನಾನು ಒಂದೊಂದೇ ಏಕತಾರಿ ತೆಗೆದುಕೊಂಡು ಕೂಡಿಸುವುದು, ತಬಲಾಕ್ಕೆ ಸುತ್ತಿಗೆಯಿಂದ ಏಟು ಹಾಕಿ ಏರಿಸುವುದು, ಆಮೇಲೆ ಪಾಠ. ಪೇಟಿಯ ಕರಿ ಬಿಳಿ ಮನೆ ಒತ್ತಿ ಅದಕ್ಕೆ ಹೊಂದಿಸಿಕೊಳ್ಳುವವರನ್ನು ಕಂಡರೆ ನನಗೆ ತಾತ್ಸಾರ. ಕಿವಿ ಇಲ್ಲದವರು ಹಂಗ ಮಾಡೂದು ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ಮೊದಲು ಕೆಟ್ಟಂತೆ ಕಂಡದ್ದು ಪೇಟಿ. ಅದು ಮಾವನ ಪೇಟಿ, ಅವರು ಸಾಯುವ ಮುಂಚೆ ನನ್ನ ಕೈಗೆ ಕೊಟ್ಟದ್ದು. ಅದರ ಮೇಲಿನ ಸುರಗಳು ಸ್ವಲ್ಪ ಸ್ವಲ್ಪ ಇಳಿದಂತೆ ನನಗೆ ಕೇಳತೊಡಗಿದವು. ಕೆಳಗಿನವು ಸರಿ, ಮೇಲೆ ಹೋದಂತೆ ಬಾಡಿದ ಬಾಳೆಲೆ ಹಾಗೆ ಜೋತುಬಿದ್ದವು. ಕೋಠಿಯಲ್ಲಿ ಪೇಟಿ ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ. ಅವರ ಹತ್ತಿರ ಒಯ್ದೆ. ಅವರು ಎಲ್ಲ ಮನೆಗಳನ್ನೂ ಒತ್ತಿ ನೋಡಿ, ಏನೂ ಕೆಟ್ಟಿಲ್ಲ ಉಸ್ತಾದ್, ನೀವು ಸ್ವಲ್ಪ ಆರಾಮ ತಗೊಳ್ಳಿ ಎಂದು ಹಿಂದಿಯಲ್ಲಿ ಹೇಳಿದರು. ನನಗೆ ರೇಗಿತು. ವಯಸ್ಸಾಯಿತು, ಇವರ ಕಿವಿ ಹೋಗಿದೆ, ಇನ್ನು ಈ ಅಂಗಡಿ ಮುಚ್ಚುವುದು ಒಳ್ಳೆಯದು ಎಂದು ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆ. ಯಾರ ಬಗ್ಗೆ ಗೊಣಗುತ್ತಿದ್ದೆನೋ ಶಿವನೇ ಬಲ್ಲ.

ಮುಂದಿನ ಭಾನುವಾರ ಪೇಟಿಯನ್ನು ನಾನೇ ಬಿಚ್ಚಿದೆ. ಪೇಟಿಯೊಳಗೆ ಒಂದೊಂದು ಸುರಕ್ಕೆ ಒಂದೊಂದು ಹಿತ್ತಾಳೆಯ ನಾಲಗೆ ಇರುತ್ತದೆ. ಅದರ ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಸುರ ಏರುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಅದಕ್ಕೇ ತಿಳಿದವರು ಆ ಕೆಲಸಕ್ಕೆ ಹತ್ತು ಸಲ ಯೋಚಿಸುತ್ತಾರೆ. ನಾನು ಯೋಚಿಸಲಿಲ್ಲ. ಬ್ಲೇಡು ಹಿಡಿದು ಬಾಲ್ಕನಿಯ ಬೆಳಕಿನಲ್ಲಿ ಕೂತು, ಕೆರೆಯುವುದು, ಊದಿ ನೋಡುವುದು, ಮತ್ತೆ ಕೆರೆಯುವುದು. ಸಂಜೆಯ ಹೊತ್ತಿಗೆ ಪೇಟಿ ನನ್ನ ಕಿವಿಗೆ ಜೇನಿನ ಹಾಗೆ ಕೂತಿತು. ಮನೆಯಾಕೆಯನ್ನು ಕರೆದು ಕೇಳಿಸಿದೆ. ಅವಳು ಹಾಡುವವಳಲ್ಲ, ಆದರೆ ನನ್ನ ಜೊತೆ ಬಾಳುತ್ತ ಆ ಪೇಟಿಯನ್ನು ದಿನಾ ಕೇಳಿದವಳು. ಬಾಗಿಲಲ್ಲಿ ನಿಂತು ಕೇಳಿದಳು, ಸೆರಗಿನಿಂದ ಕೈ ಒರೆಸಿಕೊಂಡಳು, ಒಳಗೆ ಹೋದಳು. ಇವಳಿಗೇನು ಗೊತ್ತು ಅಂದುಕೊಂಡೆ.

ಮರುದಿನ ಆ ನರ್ಸ್ ಹುಡುಗಿ ಬೇಗ ಬಂದಿದ್ದಳು. ಪೇಟಿಯ ಮುಂದೆ ಕೂತು ಸರಿಗಮ ನುಡಿಸಿದವಳು ಅರ್ಧಕ್ಕೇ ನಿಲ್ಲಿಸಿದಳು. ಯಾಕವ್ವಾ ಎಂದರೆ ಕೈ ನೋಯುತ್ತಿದೆ ಎಂದಳು. ಆಮೇಲೆ ಅಡುಗೆಮನೆಯಲ್ಲಿ ಇವರಿಬ್ಬರೂ ಬಹಳ ಹೊತ್ತು ಪಿಸಪಿಸ ಮಾತಾಡುತ್ತಿದ್ದರು. ಹೆಂಗಸರ ಮಾತು, ನಮಗ್ಯಾಕೆ ಎಂದು ನಾನು ಸುಮ್ಮನಿದ್ದೆ.

ಚಹಾ ಶುರುವಾದದ್ದು ಆ ವಾರವೇ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕ್ಲಾಸು ಮುಗಿದ ಮೇಲೆ ಚಹಾ. ಈಗ ನಾನು ವಾದ್ಯಗಳನ್ನು ಕೂಡಿಸಿ ಮುಗಿಸಿದ ಕೂಡಲೇ ಅಡುಗೆಮನೆಯಿಂದ ಕರೆ ಬರತೊಡಗಿತು. ಚಹಾ ಆರ್ತೈತಿ, ಒಳಗ ಬಂದು ಕುಡಿದು ಹೋಗ್ರಿ. ಇಲ್ಲಿಗೇ ತಾ ಅಂದರೆ ಆಗದು, ಮಕ್ಕಳ ಮುಂದೆ ಒಬ್ಬರೇ ಕುಡಿಯುವುದು ಚಂದವಲ್ಲ ಅನ್ನುತ್ತಿದ್ದಳು. ಒಳಗೆ ಹೋದರೆ ಚಹಾದ ಜೊತೆ ಚುರುಮುರಿ, ಚುರುಮುರಿಯ ಜೊತೆ ಮಗಳ ಸಂಸಾರದ ಸುದ್ದಿ, ಕೆಳಗಿನ ಮನೆಯ ತೆಲುಗಮ್ಮನ ಜಗಳದ ಸುದ್ದಿ. ಅಡುಗೆಮನೆಯ ಬಾಗಿಲನ್ನು ಬೇರೆ ಎಳೆದು ಮುಚ್ಚಿರುತ್ತಿದ್ದಳು, ಗ್ಯಾಸಿಗೆ ಗಾಳಿ ತಾಗುತ್ತದೆ ಎಂದು. ಮುದಿ ವಯಸ್ಸಿನಲ್ಲಿ ಇವಳಿಗೆ ನನ್ನ ಮೇಲೆ ಪ್ರೀತಿ ಉಕ್ಕಿದೆ ಎಂದು ನನಗೆ ಒಳಗೊಳಗೇ ಖುಷಿ. ಜೀಡಿಮೆಟ್ಲಾಕ್ಕೆ ಹೋದಾಗ ಗೆಳೆಯನ ಮುಂದೆ ಕೊಚ್ಚಿಕೊಂಡೆ. ಅವನು ಜೋರಾಗಿ ನಕ್ಕ, ನಗುತ್ತ ನಗುತ್ತ ಕೆಮ್ಮಿದ. ಆ ಹೊತ್ತಿಗೇ ಅವನ ಎದೆ ಸರಿ ಇರಲಿಲ್ಲ.

ಚಹಾ ಕುಡಿದು ಹೊರಗೆ ಬಂದರೆ ನನ್ನ ತಲೆ ಕೆಡುತ್ತಿತ್ತು. ಈಗಷ್ಟೇ ಕೂಡಿಸಿಟ್ಟು ಹೋದ ತಂತಿಗಳೆಲ್ಲ ಬೇಸುರ. ತಬಲಾ ಒಂದು ಕಡೆ, ಏಕತಾರಿ ಒಂದು ಕಡೆ. ಮಕ್ಕಳ ಮುಖ ನೋಡಿದರೆ ಎಲ್ಲ ಸಾಧುಗಳು. ಹವಾ ಬದಲಾಗಿದೆ ಅಂದೆ. ಬಿರಡೆ ಜಾರುತ್ತಿದೆ ಎಂದು ಸೀಮೆಸುಣ್ಣದ ಪುಡಿ ಹಚ್ಚಿದೆ. ತಂತಿ ಕಳಪೆ ಎಂದು ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದು ಹೊಸ ತಂತಿ ತಂದೆ. ಮೈಸೂರಿನ ಹುಡುಗನೊಬ್ಬ ಹಾಡುವಾಗ, ನಿನಗೆ ಕಿವಿ ಅದಾವೋ ಇಲ್ಲೋ ಎಂದು ಗದರಿದೆ. ಅವನು ತಲೆ ತಗ್ಗಿಸಿ, ಸರಿ ಸರ್ ಅಂದ. ಪಕ್ಕದ ಹುಡುಗಿ ಅವನ ಕೈಯನ್ನು ಮೆಲ್ಲಗೆ ಒತ್ತಿದ್ದು ಕಂಡಿತು. ಬೈಸಿಕೊಂಡವನಿಗೆ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡೆ. ಅವರೆಲ್ಲ ಸಮಾಧಾನ ಮಾಡುತ್ತಿದ್ದದ್ದು ನನ್ನನ್ನು ಎಂಬುದು ನನಗೆ ಹೊಳೆಯಲೇ ಇಲ್ಲ.

ಯುಗಾದಿಯ ಮುಂಚಿನ ಒಂದು ಸಂಜೆ ಹಾಲು ಒಡೆಯಿತು. ಮನೆಯಾಕೆ ಒಡೆದ ಹಾಲಿನ ಪಾತ್ರೆ ಹಿಡಿದು, ಕೂಡ್ರಿ, ಕರಿ ಚಹಾ ಮಾಡ್ತೀನಿ ಎಂದು ಗಡಿಬಿಡಿ ಮಾಡತೊಡಗಿದಳು. ಬ್ಯಾಡ ಬಿಡು ಎಂದು ನಾನು ಬಾಗಿಲು ತೆಗೆದು ಹೊರಗೆ ಬಂದೆ. ಅವಳು ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದ್ದು ನೆನಪಿದೆ.

ಕೋಣೆಯಲ್ಲಿ ಆ ನರ್ಸ್ ಹುಡುಗಿ ನನ್ನ ಜಾಗದಲ್ಲಿ ಕೂತಿದ್ದಳು. ಕೈಯಲ್ಲಿ ನನ್ನ ಸುತ್ತಿಗೆ. ಎದುರಿಗೆ ಒಂದು ಮೊಬೈಲು, ಅದರಿಂದ ತಂಬೂರಿಯ ದನಿ ಸಣ್ಣಗೆ ಬರುತ್ತಿತ್ತು. ಉಳಿದ ಮಕ್ಕಳು ಮಾಸ್ತರರ ಮುಂದೆ ಸ್ಲೇಟು ಹಿಡಿದು ನಿಂತವರ ಹಾಗೆ ತಮ್ಮ ತಮ್ಮ ಏಕತಾರಿ ಹಿಡಿದು ಸಾಲಾಗಿ ಕಾಯುತ್ತಿದ್ದರು. ಅವಳು ಒಂದೊಂದನ್ನೇ ತೆಗೆದುಕೊಂಡು ಬಿರಡೆ ತಿರುಗಿಸಿ, ನಾನು ಕೂಡಿಸಿದ್ದನ್ನು ಬಿಚ್ಚಿ ಬೇರೆ ಕೂಡಿಸುತ್ತಿದ್ದಳು. ಅವಳ ಕೈ ಎಷ್ಟು ಪಳಗಿತ್ತೆಂದರೆ, ಇದು ಇವತ್ತು ನಿನ್ನೆಯ ಕೆಲಸವಲ್ಲ ಎಂದು ನೋಡಿದ ಕೂಡಲೇ ತಿಳಿಯಿತು.

ಮೊಬೈಲಿನ ತಂಬೂರಿ ತನ್ನ ಪಾಡಿಗೆ ನುಡಿಯುತ್ತಿತ್ತು. ಮಾತಾಡಿದ್ದು ನನ್ನ ಹಿಂದೆ ನಿಂತಿದ್ದ ಮನೆಯಾಕೆ.

"ಪೇಟಿ ಕೆಟ್ಟಿಲ್ಲ, ತಂತಿ ಕೆಟ್ಟಿಲ್ಲ. ನಿಮ್ಮ ಕಿವಿ ಕೆಟ್ಟೈತ್ರಿ."

ಯಾವಾಗಿನಿಂದ ಎಂದು ಕೇಳಿದೆ. ದೀಪಾವಳಿಗೂ ಮುಂಚಿನಿಂದ ಎಂದಳು. ಹುಡುಗಿಯ ಕಡೆ ತಿರುಗಿದೆ. ಅವಳು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತಳು. ನೀನರ ಯಾಕ ಹೇಳಲಿಲ್ಲ ಎಂದೆ.

"ಹೆಂಗ್ ಹೇಳ್ಬೇಕ್ರಿ ಮಾಸ್ತರ? ನೀವಿಟ್ಟ ಸುರಕ್ಕ ನಾ ಬೇಸುರ ಅನ್ನೋದು ಹೆಂಗ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನೇ ಕಲಿಸಿದ ಪಾಠ ಅದು. ಆದರೆ ಅವತ್ತು ನನಗೆ ಅಷ್ಟು ವಿವೇಕ ಎಲ್ಲಿತ್ತು? ಎಲ್ಲರನ್ನೂ ಎದ್ದು ಹೋಗಿ ಅಂದೆ, ನಾಳೆಯಿಂದ ಬರಬೇಡಿ ಅಂದೆ. ಮೆಟ್ಟಿಲಲ್ಲಿ ಚಪ್ಪಲಿಗಳ ಸದ್ದು ಇಳಿದು ಹೋಗುವವರೆಗೂ ನಿಂತೇ ಇದ್ದೆ. ಆಮೇಲೆ ಗೋಡೆಯ ಮೇಲಿನ ವಾದ್ಯಗಳನ್ನೆಲ್ಲ ಇಳಿಸಿ ಹಳೆಯ ಚಾದರದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಪೇಟಿಯನ್ನು ಮುಟ್ಟುವ ಧೈರ್ಯವಾಗಲಿಲ್ಲ. ಮಾವನ ನಾಲಗೆಗಳನ್ನು ಬ್ಲೇಡಿನಿಂದ ಕೆರೆದವನು ನಾನು.

ಕಿವಿಯ ಡಾಕ್ಟರ ಹತ್ತಿರ ಹೋದದ್ದು ಮಗಳು ಫೋನಿನಲ್ಲಿ ಅತ್ತು ಗೋಗರೆದ ಮೇಲೆ. ಡಾಕ್ಟರು ಒಳ್ಳೆಯವರು, ತೆಲುಗು ಹಿಂದಿ ಬೆರೆಸಿ ನಿಧಾನವಾಗಿ ಹೇಳಿದರು. ವರ್ಷಗಟ್ಟಲೆ ಯಂತ್ರದ ಸದ್ದು ತಿಂದ ಕಿವಿ ಇದು. ಎರಡೂ ಕೆಟ್ಟಿವೆ, ಎಡಗಡೆಯದು ಹೆಚ್ಚು. ಸದ್ದು ಕೇಳುತ್ತದೆ, ಆದರೆ ಮೇಲಿನ ಸುರಗಳು ಇರುವ ಜಾಗದಲ್ಲಿ ಕೇಳುವುದಿಲ್ಲ, ಪಕ್ಕಕ್ಕೆ ಸರಿದು ಕೇಳುತ್ತವೆ. ಮಶೀನು ಹಾಕಿದರೆ ಮಾತು ಜೋರಾಗಿ ಕೇಳುತ್ತದೆಯೇ ಹೊರತು ಸುರ ತನ್ನ ಜಾಗಕ್ಕೆ ವಾಪಸು ಬರುವುದಿಲ್ಲ. ಮುಂದೆ ಇಷ್ಟೇ ಇರುತ್ತದೋ ಇನ್ನೂ ಸರಿಯುತ್ತದೋ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತ, ಹೇಳಲು ಬರುವುದಿಲ್ಲ ಎಂದರು. ಮಾತು ಕೇಳಿ ನಾನೇನು ಮಾಡಲಿ, ಜನರ ಮಾತು ನನಗೆ ಎಂದೂ ಅಷ್ಟು ರುಚಿಸಿದ್ದಲ್ಲ ಎಂದೆ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಆ ವಾರಗಳಲ್ಲಿ ನಾನು ಮನೆಯಾಕೆಯ ಜೊತೆ ಮಾತು ಬಿಟ್ಟಿದ್ದೆ. ಚಹಾ ಕಂಡರೆ ಆಗುತ್ತಿರಲಿಲ್ಲ, ಲೋಟ ಮುಂದಿಟ್ಟರೆ ದೂರ ಸರಿಸುತ್ತಿದ್ದೆ. ಕ್ಲಾಸಿನ ಮಕ್ಕಳು ಫೋನು ಮಾಡಿದರೆ ಎತ್ತಲಿಲ್ಲ. ಆ ಹುಡುಗಿ ಡ್ಯೂಟಿ ಮುಗಿಸಿ ಬಂದು ಕೆಳಗಿನ ಗೇಟಿನ ಹತ್ತಿರ ನಿಂತು ಹೋಗುತ್ತಾಳೆ ಎಂದು ತೆಲುಗಮ್ಮ ಹೇಳಿದರು. ನಿಲ್ಲಲಿ ಅಂದೆ. ಗೋಡೆಯ ಮೇಲೆ ಮೊಳೆಗಳು ಮಾತ್ರ ಉಳಿದಿದ್ದವು. ಆ ಮೊಳೆಗಳನ್ನು ನೋಡುತ್ತ ಕೂತರೆ ಮಧ್ಯಾಹ್ನ ಹೇಗೋ ಸಾಯಂಕಾಲವಾಗುತ್ತಿತ್ತು. ಹಳೆಯ ಹಾಗೆ ಗೋಡೆಗೆ ಮುಖ ಮಾಡಿ ಮಲಗತೊಡಗಿದೆ. ಒಂದು ದಿನ ಮನೆಯಾಕೆ ಮಂಚದ ಪಕ್ಕ ಬಂದು ಕೂತಳು. ನನಗೆ ಕೇಳಲಿ ಎಂದು ಬಲಗಡೆಗೇ ಕೂತಿದ್ದಳು.

"ಫ್ಯಾಕ್ಟರಿ ಬಿಟ್ಟಾಗ ನೀವು ಹಿಂಗ ಮಕ್ಕೊಂಡಿದ್ರಿ. ಕ್ಲಾಸ್ ನಿಂತ್ರ ಮತ್ತ ಹಿಂಗ ಆಗ್ತೀರಿ ಅಂತ ಹೆದರಿದ್ದೆ. ನಿಮ್ಮ ಸುರ ಹೋದ್ರ ಹೋಗ್ಲಿ, ನೀವರ ಇರ್ರಿ ಅಂದೆ ನಾನು."

ಸುರ ಹೋದ ಮ್ಯಾಲೆ ಉಳಿಯೋದು ಯಾರು, ಅವನ್ನ ಇಟಗೊಂಡು ಏನ್ ಮಾಡ್ತಿ ಎಂದು ನಾನು ಗೋಡೆಗೇ ಹೇಳಿದೆ. ಅವಳು ಅಳುತ್ತಿದ್ದಾಳೆ ಎಂಬುದು ಮಂಚ ಅಲುಗಿದ್ದರಿಂದ ತಿಳಿಯಿತು. ನನಗೆ ಅವಳ ಅಳುವಿಗಿಂತ ದೊಡ್ಡದಾದ ಇನ್ನೊಂದು ಸಂಕಟ ಇತ್ತು, ಅದನ್ನು ಅವಳಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಕಿವಿ ಹೋಯಿತು, ಸರಿ. ವಯಸ್ಸಾದ ಮೇಲೆ ಏನೇನೋ ಹೋಗುತ್ತದೆ. ಆದರೆ ಇಷ್ಟು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ ಈ ಜನ, ನಾಳೆ ನಾನು ಹಾಡಿದ್ದನ್ನು ಚೆನ್ನಾಗಿದೆ ಅಂದರೆ ನಂಬುವುದು ಹೇಗೆ? ನನ್ನ ಕಿವಿ ನಂಬುವಂತಿಲ್ಲ, ಇವರ ಬಾಯಿಯೂ ನಂಬುವಂತಿಲ್ಲ. ಹಾಗಾದರೆ ನಾನು ಹಾಡುತ್ತಿದ್ದೇನೋ ಒದರುತ್ತಿದ್ದೇನೋ ನನಗೆ ಹೇಳುವವರು ಯಾರು?

ಬೇಸಗೆ ಏರಿದ ಮೇಲೆ ಒಂದು ಬೆಳಗ್ಗೆ ಜೀಡಿಮೆಟ್ಲಾದಿಂದ ಫೋನು ಬಂತು. ಗೆಳೆಯ ಹೋದ. ಉಸಿರಿನ ತೊಂದರೆ ಹೆಚ್ಚಾಗಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ. ಊರಿಗೆ ಒಯ್ಯಲು ಗಾಡಿ ಹೇಳಿದ್ದಾರೆ, ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಭಜನೆ ಆಗಬೇಕು, ನೀವೇ ಬಂದು ಹಚ್ಚಬೇಕು ಎಂದು ಅವನ ತಮ್ಮ ಹೇಳಿದ. ನಮ್ಮಲ್ಲಿ ಸತ್ತವರನ್ನು ಹಾಡಿಲ್ಲದೆ ಕಳಿಸುವುದಿಲ್ಲ. ಹಾಡುಗಾರ ಸತ್ತರಂತೂ ಅವನ ಮೇಳವೇ ಮುಂದೆ ಕೂರಬೇಕು, ಹಿರಿಯನೇ ಸುರ ಇಡಬೇಕು. ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಮಂಚದ ಕೆಳಗಿನಿಂದ ಏಕತಾರಿಯೊಂದನ್ನು ಎಳೆದುಕೊಂಡು, ಮನೆಯಾಕೆಯ ಜೊತೆ ಆಟೊ ಹತ್ತಿದೆ. ದಾರಿಯಲ್ಲಿ ಅವಳು ಯಾರಿಗೋ ಫೋನು ಮಾಡಿದಳು. ಯಾರಿಗೆ ಎಂದು ಕೇಳಲಿಲ್ಲ ನಾನು.

ಗಲ್ಲಿಯಲ್ಲಿ ಶಾಮಿಯಾನಾ ಹಾಕಿದ್ದರು. ಗೆಳೆಯನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿದ್ದರು. ತೊಡೆಯ ಪಕ್ಕ ಅವನ ದಮ್ಮಡಿ ಇಟ್ಟಿದ್ದರು. ಕೂತ ಭಂಗಿ ನೋಡಿದರೆ, ಭಜನೆಯ ಪದ ಶುರುವಾಗಲಿ ಎಂದು ಕಾಯುತ್ತಿರುವಂತೆಯೇ ಇತ್ತು. ನಮ್ಮ ಮೇಳದ ಗೌಂಡಿಗಳು, ಹಮಾಲರು ಕೆಲಸ ಬಿಟ್ಟು ಬಂದು ಎದುರಿಗೆ ಚಾಪೆಯ ಮೇಲೆ ಕೂತಿದ್ದರು. ಅಕ್ಕಪಕ್ಕದ ತೆಲುಗಿನವರು, ಒಡಿಶಾದ ಕೂಲಿಕಾರರು ಬಾಗಿಲುಗಳಲ್ಲಿ ನಿಂತಿದ್ದರು. ನನ್ನನ್ನು ನಡುವೆ ಕೂರಿಸಿದರು. ಏಕತಾರಿ ತೊಡೆಯ ಮೇಲೆ ಬಂತು. ಎಲ್ಲರೂ ನನ್ನ ಕೈ ನೋಡತೊಡಗಿದರು.

ಬಿರಡೆಯ ಮೇಲೆ ಬೆರಳಿಟ್ಟೆ. ಇಷ್ಟು ವರ್ಷ ಮಾಡಿದ ಕೆಲಸ, ಬೆರಳು ತಾನೇ ಹೋಯಿತು. ತಂತಿ ಮೀಟಿದೆ, ತಿರುವಿದೆ, ಮತ್ತೆ ಮೀಟಿದೆ. ನನ್ನ ಕಿವಿಗೆ ಎಲ್ಲೋ ಒಂದು ಕಡೆ ಅದು ಹಿತವಾಗಿ ಕೂತಿತು. ಹಿತವಾಗಿ ಕೂತ ಕೂಡಲೇ ಬೆರಳನ್ನು ಬಿರಡೆಯಿಂದ ತೆಗೆದೆ. ಇದು ತಪ್ಪು ಸುರವಾಗಿದ್ದರೆ? ಈ ಜನ ಒಂದು ಮಾತೂ ಆಡದೆ ಇದನ್ನೇ ಎತ್ತಿಕೊಳ್ಳುತ್ತಾರೆ. ತಬಲಾದವನು ಇದಕ್ಕೇ ಕೂಡಿಸಲು ಹೆಣಗುತ್ತಾನೆ, ಹಾಡುವವರು ಗಂಟಲು ತಿರುಚಿಕೊಂಡು ಇದಕ್ಕೇ ಬರುತ್ತಾರೆ. ಮರ್ಯಾದೆಯ ಮಕ್ಕಳು. ಮೂವತ್ತು ವರ್ಷ ನನ್ನ ಪಕ್ಕ ಕೂತು ತಾಳ ತಪ್ಪದವನು ಬೇಸುರದೊಳಗೆ ಊರಿಗೆ ಹೊರಡುತ್ತಾನೆ, ಯಾರೂ ಬಾಯಿ ಬಿಡುವುದಿಲ್ಲ.

ತಲೆ ಎತ್ತಿದೆ. ಹೆಂಗಸರ ಗುಂಪಿನಲ್ಲಿ ಆ ಹುಡುಗಿ ನಿಂತಿದ್ದಳು, ದವಾಖಾನೆಯ ಬಿಳಿ ಬಟ್ಟೆಯಲ್ಲೇ ಬಂದಿದ್ದಳು. ಮನೆಯಾಕೆ ದಾರಿಯಲ್ಲಿ ಫೋನು ಮಾಡಿದ್ದು ಯಾರಿಗೆ ಎಂದು ಆಗ ತಿಳಿಯಿತು.

"ಬಾರವ್ವ ಇಲ್ಲಿ," ಅಂದೆ. "ಇದನ್ನ ಕೂಡಸು. ನನಗ ಸುರ ಸರಿ ಕೇಳಸೂದಿಲ್ಲ."

ಜೋರಾಗಿಯೇ ಅಂದೆ, ಎಲ್ಲರಿಗೂ ಕೇಳಲಿ ಎಂದು. ಚಾಪೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಬಲಾದವನು ತಲೆ ತಗ್ಗಿಸಿದ. ಅಂದರೆ ಅವನಿಗೂ ಗೊತ್ತಿತ್ತು. ಸೋಮವಾರದ ಭಜನೆಯಲ್ಲೂ ಇವರೆಲ್ಲ ನುಂಗಿಕೊಂಡೇ ಬಂದಿದ್ದಾರೆ. ಗೆಳೆಯ ಅವತ್ತು ಚಹಾದ ಮಾತಿಗೆ ಅಷ್ಟು ನಕ್ಕದ್ದು ಯಾಕೆ ಎಂದೂ ಆ ಹೊತ್ತಿನಲ್ಲೇ ಹೊಳೆಯಿತು. ಗೋಡೆಗೆ ಒರಗಿ ಕೂತ ಅವನನ್ನು ನೋಡಿದೆ. ನೀನೂ ಹೌದೇನೋ ಎಂದು ಮನಸ್ಸಿನಲ್ಲೇ ಬೈದೆ.

ಹುಡುಗಿ ಬಂದು ಎದುರಿಗೆ ಕೂತಳು. ಬಿರಡೆಗೆ ಕೈ ಹಾಕುವ ಮೊದಲು ನನ್ನ ಪಾದ ಮುಟ್ಟಿದಳು. ಈ ಸಲ ಮೊಬೈಲು ತೆಗೆಯಲಿಲ್ಲ, ಮೂಗಿನಲ್ಲೇ ಗುಂಯ್ ಎಂದು ಸುರ ಹಿಡಿದು ತಂತಿ ತಿರುವಿದಳು. ಕೂಡಿತು ಎಂದು ಏಕತಾರಿ ನನಗೆ ಮರಳಿಸಿದಳು. ಮೀಟಿದೆ. ಅಯ್ಯೋ, ನನ್ನ ಕಿವಿಗೆ ಅದು ಪೂರಾ ಬೇಸುರ. ಕಲ್ಲು ಸಿಕ್ಕ ಅನ್ನ ಜಗಿದಂತಾಯಿತು. ಕೈ ಬಿರಡೆಯ ಕಡೆಗೆ ಹೋಯಿತು, ಸರಿಮಾಡಿಬಿಡಲೇ ಎಂದು. ಹೋದ ಕೈಯನ್ನು ಎಳೆದು ಕಿವಿಯ ಮೇಲೆ ಇಟ್ಟುಕೊಂಡೆ. ಹಳೆಯ ಹಾಡುಗಾರರು ಹಾಗೆ ಇಟ್ಟುಕೊಳ್ಳುತ್ತಾರೆ, ಜನರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಣ್ಣು ಮುಚ್ಚಿ, ನನಗೆ ತಪ್ಪಾಗಿ ಕೇಳುತ್ತಿದ್ದ ಆ ತಂತಿಯನ್ನೇ ಹಿಡಿದು ಪದ ಎತ್ತಿದೆ. ಕತ್ತಲೆ ಕೋಣೆಯಲ್ಲಿ ಇನ್ನೊಬ್ಬರ ಕೈ ಹಿಡಿದು ನಡೆಯುವಾಗ ಹೇಗಿರುತ್ತದೋ ಹಾಗಿತ್ತು. ಮೇಳ ಹಿಂದಿನಿಂದ ಬಂದು ಸೇರಿತು. ಸೇರಿದ ದನಿಗಳು ನನಗೆ ಎಲ್ಲ ಚೆಲ್ಲಾಪಿಲ್ಲಿಯಾಗಿ ಕೇಳಿದವು. ನಿಲ್ಲಿಸಲಿಲ್ಲ ನಾನು. ಒಂದು ಪದ ಮುಗಿಸಿ ಇನ್ನೊಂದು ಹಿಡಿದೆ, ಅದು ಗೆಳೆಯನಿಗೆ ಬಹಳ ಸೇರುತ್ತಿದ್ದದ್ದು. ಅದು ಮುಗಿಯುವಾಗ ಗಾಡಿ ಬಂತು.

ಗಾಡಿಗೆ ಏರಿಸುವ ಗದ್ದಲದಲ್ಲಿ ನಾನು ಹೋಗಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತೆ. ಹುಡುಗಿ ಏಕತಾರಿ ಹಿಡಿದುಕೊಂಡು ಹತ್ತಿರ ಬಂದು ನಿಂತಳು. ಕೂಡಿತೇನವ್ವಾ ಎಂದು ಕೇಳಿದೆ. ಕೇಳಿದ ಮೇಲೆ, ಯಾಕಾದರೂ ಕೇಳಿದೆನೋ ಅನ್ನಿಸಿತು. ಇವಳು ಹೌದು ಅನ್ನುತ್ತಾಳೆ. ಸಾವಿನ ಮನೆಯಲ್ಲಿ ಮುದುಕನ ಮನಸ್ಸು ಯಾಕೆ ನೋಯಿಸುವುದು ಎಂದು ಹೌದು ಅಂದೇ ಅನ್ನುತ್ತಾಳೆ. ಅವಳು ಹೌದು ಅಂದರೆ, ಅದು ನಿಜವೋ ಸುಳ್ಳೋ ತಿಳಿಯದೆ ನನ್ನ ಹಾಡು ಅವತ್ತಿಗೆ ಮುಗಿದಂತೆ. ಮತ್ತೆ ಏಕತಾರಿ ಮುಟ್ಟಬಾರದ ಹಾಗೆ ಅದು ಮುಗಿಯುತ್ತದೆ. ಅವಳ ಬೆರಳು ಬಿರಡೆಯ ಮೇಲೆಯೇ ಇತ್ತು.

"ಮೊದಲನೇ ಪದ ಕೂಡಿತ್ರಿ," ಎಂದಳು. "ಎರಡನೇದರಾಗ ನೀವು ಏರಿದ್ರಿ. ಬೇಸುರ ಆತ್ರಿ ಮಾಸ್ತರ."

ಎಷ್ಟು ಏರಿದೆ ಎಂದು ಕೇಳಿದೆ. ಹೆಬ್ಬೆರಳು ತೋರುಬೆರಳು ಹತ್ತಿರ ತಂದು ಸಂದಿ ತೋರಿಸಿದಳು. ಸಣ್ಣ ಸಂದಿಯೇನಲ್ಲ. ತೋರಿಸುವಾಗ ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಅಳುವಂತೆ ಮಾಡಿದ ಮಾವ ತೀರಿಕೊಂಡ ಮೇಲೆ ನನಗೆ ಆ ಮಾತು ಯಾರೂ ಹೇಳಿರಲಿಲ್ಲ. ನಾಳೆ ಡ್ಯೂಟಿ ಮುಗಿದ ಮೇಲೆ ಬಾ, ಗೋಡೆಗೆ ವಾದ್ಯ ಹಾಕುವುದಿದೆ ಎಂದು ಹೇಳಲು ಹೋದೆ. ಮಾತು ಹೊರಡುವ ಬದಲು ಅಳು ಹೊರಟಿತು. ಹೆಗಲು ಅಲುಗುವಂತೆ, ನಾಚಿಕೆಯಿಲ್ಲದೆ ಅತ್ತೆ.

ಗೆಳೆಯನ ಹೆಂಡತಿ ಗಾಡಿಯ ಬಾಗಿಲಿನಿಂದ ನನ್ನನ್ನು ನೋಡಿ, ಹತ್ತುವುದನ್ನು ಬಿಟ್ಟು ನನ್ನ ಹತ್ತಿರ ಬಂದಳು. ನನ್ನ ಕೈ ಹಿಡಿದು, ಅಳಬ್ಯಾಡ್ರಿ ಅಣ್ಣಾರ, ಅವರು ನಿಮ್ಮ ಹಾಡು ಕೇಳಕೋತ ಹೊಂಟಾರ ಎಂದಳು. ಎರಡನೆಯ ಪದದಲ್ಲಿ ನಾನು ಏರಿದೆ ತಂಗಿ, ಎಂದೆ. ಅವಳಿಗೆ ಅದು ತಿಳಿಯಲಿಲ್ಲ, ಹೂಂ ಎಂದು ತಲೆಯಾಡಿಸಿ ಸೆರಗಿನಿಂದ ನನ್ನ ಮುಖ ಒರೆಸಿದಳು.